ಮಿದುಳಿನ ಗಡ್ಡೆ ಹುಟ್ಟುವುದು ಹೇಗೆ? ಟವರ್, ಪಂದಿ ಕರಿ, ತೋಟದ ಔಷಧಿ: ಇವುಗಳಲ್ಲಿ ನಿಜ ಎಷ್ಟು?

ಬೇತ್ರಿಹೊಳೆ
ವಿರಾಜಪೇಟೆ ಕಡೆಯ ಸ್ವಸಹಾಯ ಸಂಘಗಳಿಗೆ ಮಿದುಳಿನ ಗಡ್ಡೆ ಬಗ್ಗೆ ಎರಡು ಪುಟದ ಮಾಹಿತಿ ಹಾಳೆ ತಯಾರಾಗಬೇಕು. ವಾಟ್ಸಾಪ್‌ನಲ್ಲಿ ಓಡಾಡುವ ಕಾರಣಗಳು ಮೂರು: ಮೊಬೈಲ್ ಟವರ್, ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ), ಕಾಫಿ ತೋಟಕ್ಕೆ ಹೊಡೆಯುವ ಔಷಧಿ. ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಗಡ್ಡೆ ಒಳಗೆ ಬೆಳೆಯುವುದಾದರೂ ಹೇಗೆ? ‘ಜಾಗ್ರತೆಯಾಗಿರಿ’ ಅನ್ನುವ ಉಪದೇಶ ಬೇಡ, ವಿಷಯ ತಿಳಿದವರು ಬಿಡಿಸಿ ಬರೆಯಿರಿ.

ಸ್ಲೈಡ್‌ಪೆಟ್ಟಿಗೆ (ಪ್ಯಾಥಾಲಜಿ)
ಹಾಳೆಯ ಮೊದಲ ಸಾಲಿನಲ್ಲೇ ಒಂದು ವಿಂಗಡಣೆ ಹಾಕಿ. ವಯಸ್ಕರ ಮಿದುಳಿನಲ್ಲಿ ಸಿಗುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟಿದವೇ ಅಲ್ಲ. ಶ್ವಾಸಕೋಶ, ಸ್ತನ, ಮೂತ್ರಪಿಂಡ, ಚರ್ಮದ ಮೆಲನೋಮಾ ಇವುಗಳಿಂದ ಕಳಚಿದ ಕೋಶಗಳು ರಕ್ತದಲ್ಲಿ ಬಂದು, ಮಿದುಳಿನ ಬೂದು ಭಾಗ ಮತ್ತು ಬಿಳಿ ಭಾಗ ಸೇರುವ ಗಡಿಯಲ್ಲಿ ರಕ್ತನಾಳ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಮಿದುಳಿನಲ್ಲಿ ಎರಡು ಮೂರು ಗಡ್ಡೆ ಕಂಡರೆ ಎದೆ, ಹೊಟ್ಟೆಯ ಸಿಟಿ ಬರೆಯುತ್ತಾರೆ. ‘ತಲೆಗೆ ಬಂದ ಕಾಯಿಲೆಗೆ ಎದೆಯ ಸ್ಕ್ಯಾನ್ ಯಾಕೆ’ ಎಂದು ಜಗಳ ಮಾಡುವವರಿಗೆ ಇದೇ ಉತ್ತರ.

ಅಲ್ಲೇ ಹುಟ್ಟುವವುಗಳಲ್ಲಿ ಎರಡು ದೊಡ್ಡ ಗುಂಪು. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ: ಹೆಂಗಸರಲ್ಲಿ ಹೆಚ್ಚು, ಬಹುಪಾಲು ಗ್ರೇಡ್ 1 (ಗ್ರೇಡ್ ಅಂದರೆ ಉಗ್ರತೆಯ ಅಳತೆ: 1 ಸೌಮ್ಯ, 4 ಅತಿ ಉಗ್ರ), ಮಿದುಳನ್ನು ಹೊರಗಿನಿಂದ ಒತ್ತುತ್ತದೆ, ಸಾಮಾನ್ಯವಾಗಿ ಒಳಗೆ ಹರಡುವುದಿಲ್ಲ. ಸಣ್ಣದಿದ್ದು ತೊಂದರೆ ಕೊಡದಿದ್ದರೆ ಆಗಾಗ ಎಂಆರ್‌ಐ ಮಾಡಿಸುತ್ತ ಸುಮ್ಮನೆ ಬಿಡುವುದೂ ಸರಿಯಾದ ಚಿಕಿತ್ಸೆಯೇ. ಇನ್ನೊಂದು ಗ್ಲಯೋಮಾ, ಮಿದುಳಿನ ಒಳಗಿನ ಗ್ಲಯಾ ಕೋಶಗಳ ಗುಂಪಿನಿಂದ ಹುಟ್ಟುವಂಥದ್ದು. ಹೆದರಬೇಕಾದದ್ದು ಹೆಚ್ಚಾಗಿ ಇದರ ಮೇಲಿನ ಗ್ರೇಡುಗಳಿಗೆ.

ವಯಸ್ಕರಲ್ಲಿ ನರಕೋಶಗಳು ವಿಭಜನೆಯಾಗುವುದಿಲ್ಲ, ವಿಭಜಿಸದ ಕೋಶ ಗಡ್ಡೆಯಾಗುವುದು ತೀರ ಅಪರೂಪ. ಅವುಗಳ ಸುತ್ತ ಇದ್ದು ಪೋಷಿಸುವ ಗ್ಲಯಾ ಕೋಶಗಳ ಪೂರ್ವಜ ಕೋಶಗಳು, ಮತ್ತು ಮಿದುಳಿನ ಒಳಗಿನ ನೀರಿನ ಕೋಣೆಗಳ ಗೋಡೆಯಲ್ಲಿರುವ ಕಾಂಡಕೋಶಗಳು ದೊಡ್ಡವರಾದ ಮೇಲೂ ವಿಭಜಿಸುವ ಶಕ್ತಿ ಉಳಿಸಿಕೊಂಡಿರುತ್ತವೆ. ಪ್ರತಿ ವಿಭಜನೆಯಲ್ಲೂ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ತಪ್ಪು ನುಸುಳುತ್ತದೆ. ಬಹುಪಾಲು ತಪ್ಪು ರಿಪೇರಿಯಾಗುತ್ತದೆ, ಇಲ್ಲವೆ ಆ ಕೋಶವೇ ಸಾಯುತ್ತದೆ. ಎರಡೂ ಆಗದೆ ಉಳಿದ ಒಂದು ಕೋಶದಲ್ಲಿ ವರ್ಷಗಳ ಮೇಲೆ ಇನ್ನಷ್ಟು ತಪ್ಪುಗಳು ಸೇರಬೇಕು: ‘ಬೆಳೆ’ ಅನ್ನುವ ಇಜಿಎಫ್‌ಆರ್‌ನಂಥ ಸಂಕೇತ ಹೆಚ್ಚಾಗಬೇಕು, ‘ನಿಲ್ಲು’ ಅನ್ನುವ ಪಿಟೆನ್, ಪಿ53, ಸಿಡಿಕೆಎನ್2ಎ ಜೀನ್‌ಗಳು ಕೆಡಬೇಕು, ಮುಪ್ಪನ್ನು ತಪ್ಪಿಸುವ ಟರ್ಟ್ ಜೀನ್ ಚಾಲೂ ಆಗಬೇಕು. ಒಂದೇ ಪೆಟ್ಟಿಗೆ ಕ್ಯಾನ್ಸರ್ ಆಗುವುದಿಲ್ಲ. ವಯಸ್ಸಾದ ಹಾಗೆ ಗ್ಲಯೋಬ್ಲಾಸ್ಟೋಮಾ (ಗ್ಲಯೋಮಾದ ಅತಿ ಉಗ್ರ ಬಗೆ) ಹೆಚ್ಚುವುದು ಇದಕ್ಕೇ.

ಮೇಷ್ಟ್ರು_ಸೋಮವಾರಪೇಟೆ
ಐಡಿಎಚ್ ಬಗ್ಗೆ ಬರೆಯದೆ ಮುಂದೆ ಹೋದಿರಲ್ಲ ಸಾರ್. ಈಗ ರಿಪೋರ್ಟ್ ಹಿಡಿದು ಬರುವವರೆಲ್ಲ ಮೊದಲು ಕೇಳುವುದು ಅದನ್ನೇ.

ಸ್ಲೈಡ್‌ಪೆಟ್ಟಿಗೆ
ಸರಿ ಮೇಷ್ಟ್ರೇ. ಐಡಿಎಚ್ ಅಂದರೆ ಕೋಶದ ಒಳಗೆ ಸಕ್ಕರೆಯಿಂದ ಶಕ್ತಿ ತೆಗೆಯುವ ಸರಣಿಯ ಒಂದು ಕಿಣ್ವ. ಅದರ ಜೀನಿನಲ್ಲಿ ಒಂದೇ ಅಕ್ಷರ ಬದಲಾದರೆ ಕಿಣ್ವ ಬೇರೆಯದೇ ಪದಾರ್ಥ ತಯಾರಿಸಲು ಹಿಡಿಯುತ್ತದೆ, ಹೆಸರು 2-ಹೈಡ್ರಾಕ್ಸಿಗ್ಲುಟರೇಟ್. ಅದು ಕೋಶದಲ್ಲಿ ಶೇಖರವಾಗಿ, ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಅಳಿಸುವ ಕಿಣ್ವಗಳನ್ನು ತಡೆಯುತ್ತದೆ. ಕೋಶ ಪಕ್ವವಾಗದೆ, ಎಳೆಯ ಸ್ಥಿತಿಯಲ್ಲೇ ವಿಭಜಿಸುತ್ತ ಉಳಿಯುತ್ತದೆ. ಗ್ಲಯೋಮಾದಲ್ಲಿ ಈ ಬದಲಾವಣೆ ಪತ್ತೆಯಾದದ್ದು 2008ರಲ್ಲಿ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ವಯಸ್ಕರ ಹರಡುವ ಗ್ಲಯೋಮಾಗಳನ್ನು ಮೂರೇ ಮೂರು ಮಾಡಿತು:

ಐಡಿಎಚ್ ಬದಲಾದ ಆಸ್ಟ್ರೋಸೈಟೋಮಾ, ಗ್ರೇಡ್ 2ರಿಂದ 4. ಐಡಿಎಚ್ ಬದಲಾಗಿ, ಜೊತೆಗೆ 1ಪಿ ಮತ್ತು 19ಕ್ಯೂ ಎಂಬ ಎರಡು ವರ್ಣತಂತು ತುಂಡುಗಳು ಕಳೆದುಹೋದ ಆಲಿಗೋಡೆಂಡ್ರೋಗ್ಲಯೋಮಾ, ಗ್ರೇಡ್ 2 ಅಥವಾ 3. ಐಡಿಎಚ್ ಬದಲಾಗದ ಗ್ಲಯೋಬ್ಲಾಸ್ಟೋಮಾ, ಯಾವಾಗಲೂ ಗ್ರೇಡ್ 4.

ಮೂರಕ್ಕೂ ಆಯುಸ್ಸು, ಔಷಧಿ, ನಡೆ ಎಲ್ಲ ಬೇರೆ. ಆಲಿಗೋದಲ್ಲಿ ಹತ್ತು ವರ್ಷ ದಾಟಿ ಬದುಕುವವರು ಅನೇಕರು. ಗ್ಲಯೋಬ್ಲಾಸ್ಟೋಮಾದ ಲೆಕ್ಕ ತಿಂಗಳುಗಳಲ್ಲಿ. ಗ್ರೇಡ್ 2 ಗ್ಲಯೋಮಾ ಅಡ್ಡಳತೆಯಲ್ಲಿ ವರ್ಷಕ್ಕೆ ಸರಾಸರಿ 4 ಮಿ.ಮೀ. ಬೆಳೆಯುತ್ತದೆ. ಆದ್ದರಿಂದ ‘ಇಷ್ಟು ದೊಡ್ಡ ಗಡ್ಡೆ ಇದ್ದೂ ಇಷ್ಟು ದಿನ ಗೊತ್ತಾಗಲಿಲ್ಲವೇ’ ಅನ್ನುವುದರಲ್ಲಿ ಆಶ್ಚರ್ಯವಿಲ್ಲ. ಮಿದುಳು ನಿಧಾನವಾಗಿ ಜಾಗ ಬಿಟ್ಟುಕೊಟ್ಟಿರುತ್ತದೆ.

ಲ್ಯಾಬಿನಲ್ಲಿ ತಪ್ಪುವುದು ಎಲ್ಲಿ ಅಂದರೆ: ಸಾಮಾನ್ಯ ಬಣ್ಣಪರೀಕ್ಷೆ ಹಿಡಿಯುವುದು ಆರ್132ಎಚ್ ಎಂಬ ಒಂದೇ ಬಗೆಯ ಬದಲಾವಣೆಯನ್ನು. ಐಡಿಎಚ್ ಬದಲಾವಣೆಗಳಲ್ಲಿ ಸುಮಾರು ಶೇ 90 ಅದೇ, ನಿಜ. ಆದರೆ ರೋಗಿಗೆ 55 ವರ್ಷದೊಳಗೆ ಇದ್ದು ಬಣ್ಣಪರೀಕ್ಷೆ ನೆಗೆಟಿವ್ ಬಂದರೆ ಅಲ್ಲಿಗೇ ಬಿಡಬಾರದು, ಜೀನ್ ಸೀಕ್ವೆನ್ಸಿಂಗ್ (ಜೀನಿನ ಅಕ್ಷರಗಳನ್ನು ಓದುವ ಪರೀಕ್ಷೆ) ಕೇಳಬೇಕು. ಇನ್ನೊಂದು: ಸ್ಲೈಡ್ ಮೇಲೆ ಸೌಮ್ಯವಾಗಿ ಕಂಡರೂ ಸಿಡಿಕೆಎನ್2ಎ/ಬಿ ಜೀನಿನ ಎರಡೂ ಪ್ರತಿ ಹೋಗಿದ್ದರೆ ಐಡಿಎಚ್ ಆಸ್ಟ್ರೋಸೈಟೋಮಾ ಗ್ರೇಡ್ 4 ಆಗುತ್ತದೆ. ‘ಗ್ರೇಡ್ 2’ ಎಂದಷ್ಟೇ ಬರೆದ ಹಳೆಯ ರಿಪೋರ್ಟನ್ನು ಪೂರ್ತಿ ನಂಬಬೇಡಿ.

ಕೋಟೆಬೆಟ್ಟ
ಇದೆಲ್ಲ ಆಸ್ಪತ್ರೆ ಒಳಗಿನ ಮಾತು. ಜನ ಕೇಳುವುದು ಕಾರಣ. ನಮ್ಮೂರಲ್ಲಿ ಟವರ್ ಬಂದ ಮೇಲೆ ಕ್ಯಾನ್ಸರ್ ಜಾಸ್ತಿ ಆಗಿದೆ ಅನ್ನುತ್ತಾರೆ. ಸುಳ್ಳೇ?

ಮೇಷ್ಟ್ರು_ಸೋಮವಾರಪೇಟೆ
ಟವರ್ ಬಂದ ಕಾಲಕ್ಕೇ ಎಂಆರ್‌ಐ ಯಂತ್ರಗಳೂ ಹತ್ತಿರ ಬಂದವು, ಜನರ ಆಯುಸ್ಸೂ ಏರಿತು. ಮೊದಲು ‘ಲಕ್ವ ಹೊಡೆಯಿತು’ ಎಂದು ಮುಗಿಯುತ್ತಿದ್ದ ಎಷ್ಟೋ ಕೇಸುಗಳಿಗೆ ಈಗ ಹೆಸರು ಸಿಗುತ್ತಿದೆ.

ಟವರ್ ಮತ್ತು ಫೋನಿನ ರೇಡಿಯೋ ಅಲೆಗೆ ಡಿಎನ್‌ಎಯ ಬಂಧ ಮುರಿಯುವಷ್ಟು ಶಕ್ತಿ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಇದನ್ನು 2ಬಿ ಗುಂಪಿಗೆ ಹಾಕಿದ್ದೇ ವಾಟ್ಸಾಪ್ ಸುದ್ದಿಯ ಮೂಲ. 2ಬಿ ಎಂದರೆ ‘ಇರಬಹುದು, ಪುರಾವೆ ಸಾಲದು’. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಫೋನಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಖಚಿತವಾದ ಬಾಹ್ಯ ಕಾರಣ ಅಂದರೆ ಎಕ್ಸ್‌ರೇ, ಗಾಮಾದಂಥ ಅಯಾನೀಕರಿಸುವ ವಿಕಿರಣ, ಅದೂ ತಲೆಗೆ ಚಿಕಿತ್ಸೆಯ ಪ್ರಮಾಣದಲ್ಲಿ. ಇಸ್ರೇಲಿನಲ್ಲಿ ತಲೆಯ ಹುಳುಕಡ್ಡಿಗೆ ವಿಕಿರಣ ಕೊಟ್ಟ ಮಕ್ಕಳಲ್ಲಿ ದಶಕಗಳ ನಂತರ ಮೆನಿಂಜಿಯೋಮಾ ಹೆಚ್ಚಾದದ್ದು ದಾಖಲಾಗಿದೆ. ಇದರ ಜೊತೆ ನ್ಯೂರೋಫೈಬ್ರೊಮಟೋಸಿಸ್, ಲಿ-ಫ್ರೌಮೆನಿಯಂಥ ವಂಶವಾಹಿ ಕಾಯಿಲೆಗಳು, ಅವು ಒಟ್ಟು ಕೇಸಿನಲ್ಲಿ ಸಣ್ಣ ಪಾಲು. ಉಳಿದದ್ದಕ್ಕೆ ಬೆರಳು ತೋರಿಸುವಂಥ ಕಾರಣವೇ ಇಲ್ಲ. ಕೇಳುವವರಿಗೆ ಇದು ರುಚಿಸುವುದಿಲ್ಲ, ಆದರೂ ಹಾಳೆಯಲ್ಲಿ ಹಾಗೇ ಬರೆಯಿರಿ.

ತೋಟದ ಔಷಧಿ: ಕೀಟನಾಶಕ ಮತ್ತು ಗ್ಲಯೋಮಾದ ಅಧ್ಯಯನಗಳು ಒಂದೇ ದಿಕ್ಕಿಗೆ ಹೋಗುವುದಿಲ್ಲ. ಆದರೆ ಕೈಗವಸು, ಮುಖವಸ್ತ್ರ ಇಲ್ಲದೆ ಕ್ಲೋರೊಪೈರಿಫಾಸ್‌ನಂಥದ್ದನ್ನು ಹೊಡೆದರೆ ಅದೇ ದಿನ ವಿಷ ಏರಬಹುದು. ಕೆಲಸದವರಿಗೆ ಗವಸು ಕೊಡಿಸಲು ಕ್ಯಾನ್ಸರ್ ಹೆಸರು ಹೇಳಿ ಹೆದರಿಸಬೇಕಾಗಿಲ್ಲ.

ನರತಂತು (ನ್ಯೂರಾಲಜಿ)
ಪಂದಿ ಕರಿಯ ವಿಷಯಕ್ಕೆ ಬರುತ್ತೇನೆ. ಮೂರರಲ್ಲಿ ಇದೊಂದಕ್ಕೆ ಮಾತ್ರ ಒಂದು ಎಳೆ ನಿಜ ಅಂಟಿಕೊಂಡಿದೆ, ಅದೂ ತಿರುಚಿಕೊಂಡಿದೆ.

ಲಾಡಿಹುಳುವಿನ ಮರಿಗಳು ಮಿದುಳಲ್ಲಿ ಗೂಡು ಕಟ್ಟಿದರೆ ಎಂಆರ್‌ಐಯಲ್ಲಿ ಉಂಗುರದಂತೆ ಹೊಳೆಯುತ್ತದೆ. ಇದೇ ನ್ಯೂರೋಸಿಸ್ಟಿಸರ್ಕೋಸಿಸ್. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಬರುವ ದಾರಿ ಎರಡು ಹಂತದ್ದು. ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಮಿದುಳಿಗೆ ಹೋಗುವುದು ಹುಳುವಿನ ಮೊಟ್ಟೆ, ಅದು ಬರುವುದು ಕರುಳಲ್ಲಿ ಹುಳು ಇರುವ ಮನುಷ್ಯನ ಮಲದಿಂದ: ಕೈ ತೊಳೆಯದೆ ಬಡಿಸಿದ ಊಟ, ಕೊಳಕು ನೀರು, ತೊಳೆಯದ ಕೊತ್ತಂಬರಿ. ಹಾಗಾಗಿ ಶುದ್ಧ ಸಸ್ಯಾಹಾರಿಗೂ ಬರುತ್ತದೆ. ಹೊತ್ತು ಹಿಡಿದು ಬೇಯಿಸಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಇಳಿಸುವ ಪಂದಿ ಕರಿಯಲ್ಲಿ ಮರಿ ಉಳಿಯುವುದಿಲ್ಲ. ಸಾಯಿಸುವುದು ಬೆಂಕಿ, ಹುಳಿಯಲ್ಲ. ಅಪಾಯ ಅರೆಬೆಂದ ತುಂಡಿನಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಶೌಚಾಲಯ ಮತ್ತು ಸೋಪಿನಲ್ಲಿದೆ.

ನಮ್ಮ ದೇಶದಲ್ಲಿ ಉಂಗುರ ಕಂಡಾಗ ತಲೆಯಲ್ಲಿ ಇಟ್ಟುಕೊಳ್ಳಬೇಕಾದವು: ಹುಳುವಿನ ಗೂಡು, ಕ್ಷಯದ ಗಡ್ಡೆ, ಕೀವುಗಡ್ಡೆ, ಬೇರೆಡೆಯಿಂದ ಬಂದ ಕ್ಯಾನ್ಸರ್, ಗ್ಲಯೋಬ್ಲಾಸ್ಟೋಮಾ. ಹುಳುವಿನದು ಸಾಮಾನ್ಯವಾಗಿ 20 ಮಿ.ಮೀ. ಒಳಗೆ, ಗೋಡೆ ತೆಳು ಮತ್ತು ನಯ, ಒಳಗೆ ಒಂದು ಬದಿಗೆ ಚುಕ್ಕೆಯಂತೆ ಹುಳುವಿನ ತಲೆ. ಕ್ಷಯದ್ದು ಹೆಚ್ಚಾಗಿ 20 ಮಿ.ಮೀ. ದಾಟಿ ಒರಟಾಗಿ, ಒಂದಕ್ಕೊಂದು ಅಂಟಿಕೊಂಡು. ಸ್ಪೆಕ್ಟ್ರೊಸ್ಕೋಪಿಯಲ್ಲಿ (ಗಡ್ಡೆಯೊಳಗಿನ ರಾಸಾಯನಿಕಗಳನ್ನು ಅಳೆಯುವ ಎಂಆರ್‌ಐ) ಕೊಬ್ಬಿನ ಶಿಖರ. ಕೀವಿದ್ದರೆ ಡಿಫ್ಯೂಷನ್ ಚಿತ್ರದಲ್ಲಿ (ನೀರಿನ ಚಲನೆ ತೋರಿಸುವ ಎಂಆರ್‌ಐ) ನಡುಭಾಗ ಬೆಳ್ಳಗೆ. ಗ್ಲಯೋಬ್ಲಾಸ್ಟೋಮಾದ ಗೋಡೆ ದಪ್ಪ, ಅಂಕುಡೊಂಕು, ನಡುವೆ ಸತ್ತ ಭಾಗ: ಗಡ್ಡೆ ತನ್ನ ರಕ್ತನಾಳಗಳಿಗಿಂತ ವೇಗವಾಗಿ ಬೆಳೆದು ನಡುವಿನ ಕೋಶಗಳು ಉಸಿರು ಸಿಗದೆ ಸಾಯುತ್ತವೆ. ಇವೆಲ್ಲ ಒಲವುಗಳೇ ಹೊರತು ತೀರ್ಪಲ್ಲ.

‘ಹುಳು ಇರಬಹುದು’ ಎಂದು ಅಂಗಡಿಯಿಂದ ಆಲ್ಬೆಂಡಜೋಲ್ ತಂದು ನುಂಗಬೇಡಿ. ಮರಿಗಳು ಒಟ್ಟಿಗೆ ಸತ್ತರೆ ಸುತ್ತ ಊತ ಏರಿ ಫಿಟ್ಸ್ ಹೆಚ್ಚುತ್ತದೆ. ಸ್ಟಿರಾಯ್ಡ್ ಜೊತೆಗೇ ಕೊಡುವ ಔಷಧಿ ಅದು.

ಬೇತ್ರಿಹೊಳೆ
ಇದು ಹಾಳೆಗೆ ಹಾಗೇ ಹೋಗುತ್ತದೆ. ಲಕ್ಷಣಗಳನ್ನು ಹೇಗೆ ಬರೆಯಲಿ? ‘ತಲೆನೋವು’ ಎಂದು ಹಾಕಿದರೆ ಇಡೀ ನಾಡು ಎಂಆರ್‌ಐಗೆ ಸಾಲು ನಿಲ್ಲುತ್ತದೆ.

ನರತಂತು
ತಲೆನೋವು ಒಂದೇ ಇದ್ದವರಲ್ಲಿ ಗಡ್ಡೆ ಸಿಗುವುದು ತೀರ ಕಡಿಮೆ. ಕಾರಣ ಸಮೇತ ಬರೆಯಿರಿ, ಆಗ ಜನ ತಾವೇ ತೂಗಿ ನೋಡುತ್ತಾರೆ.

ತಲೆಬುರುಡೆ ಮುಚ್ಚಿದ ಪೆಟ್ಟಿಗೆ. ಒಳಗೆ ಸುಮಾರು ಶೇ 80 ಮಿದುಳು, ಉಳಿದದ್ದು ರಕ್ತ ಮತ್ತು ಮಿದುಳುನೀರು. ಗಡ್ಡೆ ಬೆಳೆದಾಗ ಮೊದಲು ನೀರು, ರಕ್ತ ಜರುಗಿ ಜಾಗ ಕೊಡುತ್ತವೆ. ಆ ಅವಕಾಶ ಮುಗಿದ ಮೇಲೆ ಕೆಲವೇ ಮಿಲಿಲೀಟರ್ ಹೆಚ್ಚಾದರೂ ಒತ್ತಡ ಸರ್ರನೆ ಏರುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿದ್ದವರು ಎರಡು ದಿನದಲ್ಲಿ ಮಂಕಾಗುವುದು ಹೀಗೆ. ರಾತ್ರಿ ಮಲಗಿದಾಗ, ನಿದ್ದೆಯ ಉಸಿರಾಟ ಇಳಿದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಿದುಳಿನ ರಕ್ತನಾಳ ಹಿಗ್ಗುತ್ತವೆ. ಅದಕ್ಕೇ ಬೆಳಗಿನ ಜಾವ ಎಬ್ಬಿಸುವ ನೋವು, ಕೆಮ್ಮಿದರೆ ಬಗ್ಗಿದರೆ ಹೆಚ್ಚುವ ನೋವು, ಹೊಟ್ಟೆ ತೊಳಸದೆಯೇ ಬರುವ ವಾಂತಿ ಮುಖ್ಯ. ಸಂಪಾಜೆ ಘಾಟಿಯ ತಿರುವಿನಲ್ಲಿ ಆಗುವ ವಾಂತಿ ಈ ಲೆಕ್ಕಕ್ಕಿಲ್ಲ.

ಇದಕ್ಕಿಂತ ತೂಕದವು: ದೊಡ್ಡವರಿಗೆ ಜೀವನದಲ್ಲಿ ಮೊದಲ ಬಾರಿ ಫಿಟ್ಸ್ (ಬಾಯಿ ಕೊನೆ ಅಥವಾ ಒಂದು ಕೈ ಮಾತ್ರ ಅದುರಿದರೂ ಅದು ಫಿಟ್ಸೇ), ವಾರವಾರಕ್ಕೆ ಹೆಚ್ಚುವ ಒಂದು ಬದಿಯ ಸೋಲು, ಮಾತು ತಡವರಿಸುವುದು, ಒಂದು ಬದಿ ಕಾಣದೆ ಬಾಗಿಲಿಗೆ ತಾಗುವುದು, ಲೆಕ್ಕಪತ್ರ ಚೊಕ್ಕ ಇಡುತ್ತಿದ್ದವರು ಏಕಾಏಕಿ ಉದಾಸೀನರಾಗುವುದು. ಕೊನೆಯದನ್ನು ಎಷ್ಟೋ ಕಡೆ ಖಿನ್ನತೆ ಎಂದು, ಇಲ್ಲವೆ ಕುಡಿತದ ಮೇಲೆ ಹಾಕಿ ಬಿಡುತ್ತಾರೆ. ಮುಂದಿನ ಹಾಲೆಯ ಗಡ್ಡೆ ಸದ್ದಿಲ್ಲದೆ ಬೆಳೆಯುವುದು ಅಲ್ಲೇ.

ಅನುಮಾನ ಇದ್ದರೆ ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರ ಕಣ್ಣಿನ ಹಿಂಭಾಗ ನೋಡಿಸಿ. ನರದ ತುದಿ ಊದಿದ್ದರೆ ಅದೇ ದಿನ ಸ್ಕ್ಯಾನ್. ಊದಿಲ್ಲದಿದ್ದರೆ ಗಡ್ಡೆ ಇಲ್ಲ ಎಂದರ್ಥವಲ್ಲ.

ವಾರ್ಡಿನಕ್ಕ (ನರ್ಸಿಂಗ್)
ಮಕ್ಕಳದ್ದು ಬೇರೆ ಬರೆಯಿರಿ ನರತಂತು ಸಾರ್. ಅವರಲ್ಲಿ ಬಹಳಷ್ಟು ಗಡ್ಡೆ ಹಿಂಭಾಗದ ಕಿರುಮಿದುಳಿನಲ್ಲಿ: ಮೆಡುಲ್ಲೋಬ್ಲಾಸ್ಟೋಮಾ, ಪೈಲೋಸೈಟಿಕ್ ಆಸ್ಟ್ರೋಸೈಟೋಮಾ. ಎರಡನೆಯದು ಗ್ರೇಡ್ 1, ಪೂರ್ತಿ ತೆಗೆದರೆ ಹೆಚ್ಚಿನ ಮಕ್ಕಳು ಗುಣ. ಕಿರುಮಿದುಳಿನ ಮುಂದೆಯೇ ನೀರು ಹರಿಯುವ ನಾಲ್ಕನೇ ಕೋಣೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಮಿದುಳುನೀರು ತಯಾರಾಗುತ್ತಲೇ ಇರುತ್ತದೆ, ದಾರಿ ಕಟ್ಟಿದರೆ ತಲೆಯೊಳಗೆ ತುಂಬಿಕೊಳ್ಳುತ್ತದೆ. ‘ಪಿತ್ತ’ ಎಂದು ತಿಂಗಳುಗಟ್ಟಲೆ ಕಷಾಯ ಕುಡಿಸುವ ಬೆಳಗಿನ ವಾಂತಿಯ ಜೊತೆ ನಡಿಗೆ ಓಲಾಡುತ್ತಿದ್ದರೆ, ಕತ್ತು ಓರೆ ಹಿಡಿಯುತ್ತಿದ್ದರೆ, ಕಣ್ಣು ಮಾಲಿದರೆ ತಡ ಮಾಡಬೇಡಿ.

ಫಿಟ್ಸ್ ಬಂದಾಗ: ಎಡ ಮಗ್ಗುಲಿಗೆ ತಿರುಗಿಸಿ, ಕತ್ತಿನ ಗುಂಡಿ ಬಿಚ್ಚಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಬೇಡ. ಚಮಚದಿಂದ ಹಲ್ಲು ಮುರಿದು ಗಂಟಲಿಗೆ ಹೋಗುತ್ತದೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಮತ್ತೊಂದು ಬಂದರೆ 108. ಒಳಗಿನ ಊರುಗಳಿಗೆ ಆಂಬುಲೆನ್ಸ್ ತಲುಪಲು ಹೊತ್ತು ಹಿಡಿಯುತ್ತದೆ, ಅದಕ್ಕೆ ಫಿಟ್ಸ್ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಮನೆಯಲ್ಲಿ ಇಡಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳಿ, ಪ್ರಮಾಣ ಬರೆಸಿಟ್ಟುಕೊಳ್ಳಿ.

ಕೋಟೆಬೆಟ್ಟ
ಆಪರೇಷನ್ ಮಾಡಿ ಪೂರ್ತಿ ತೆಗೆದೆವು ಅನ್ನುತ್ತಾರೆ, ಆರು ತಿಂಗಳಿಗೆ ಮತ್ತೆ ಬಂತು ಅನ್ನುತ್ತಾರೆ. ಕತ್ತಿ ತಾಗಿದರೆ ಹರಡುತ್ತದೆ ಅನ್ನುವುದು ಅದಕ್ಕೇ ಅಲ್ಲವೇ?

ಸ್ಲೈಡ್‌ಪೆಟ್ಟಿಗೆ
ಅಲ್ಲ. ಕತ್ತಿ ತಾಗುವ ಮೊದಲೇ ಹರಡಿರುತ್ತದೆ. ತೋಟದ ಅಂಚಿನ ಲಂಟಾನ ಕಡಿದ ಹಾಗೆ: ಮೇಲೆ ಕಾಣುವ ಪೊದೆ ಹೋಯಿತು, ಮಣ್ಣಿನಲ್ಲಿ ಬೇರು ಎಲ್ಲಿಯವರೆಗೆ ಹೋಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಗ್ಲಯೋಮಾ ಕೋಶಗಳು ಬಿಳಿ ಭಾಗದ ನರತಂತುಗಳ ಜಾಡು ಹಿಡಿದು, ರಕ್ತನಾಳದ ಹೊರಗೋಡೆ ಸವರಿ ಒಂದೊಂದಾಗಿ ಸರಿಯುತ್ತವೆ. ಎಂಆರ್‌ಐಯಲ್ಲಿ ಹೊಳೆಯುವುದು ರಕ್ತ-ಮಿದುಳು ತಡೆ ಸೋರುವ ಜಾಗ ಮಾತ್ರ. ಅದರಾಚೆಯ ಕೋಶ ಹೊಳೆಯುವುದಿಲ್ಲ. 1928ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ ಗ್ಲಯೋಮಾಗೆ ಮಿದುಳಿನ ಬಲ ಅರ್ಧವನ್ನೇ ತೆಗೆದದ್ದನ್ನು ವರದಿ ಮಾಡಿದರು. ಅಂಥ ಆಪರೇಷನ್ ಕೂಡ ಕಾಯಿಲೆಯನ್ನು ಗುಣಪಡಿಸಲಿಲ್ಲ. 2019ರಲ್ಲಿ ಇನ್ನೊಂದು ಗೊತ್ತಾಯಿತು: ನರಕೋಶಗಳು ಈ ಗಡ್ಡೆ ಕೋಶಗಳ ಜೊತೆ ನೇರ ಸಂಪರ್ಕ ಕಟ್ಟಿಕೊಳ್ಳುತ್ತವೆ, ನರಕೋಶಗಳ ವಿದ್ಯುತ್ ಚಟುವಟಿಕೆಯೂ ಗಡ್ಡೆ ಬೆಳೆಯಲು ನೆರವಾಗುತ್ತದೆ.

ಹಾಗಾದರೆ ಆಪರೇಷನ್ ಯಾಕೆ? ಒತ್ತಡ ಇಳಿಯುತ್ತದೆ, ಗಡ್ಡೆಯ ಹೆಸರು ಸಿಗುತ್ತದೆ, ಉಳಿದ ಕೋಶ ಕಡಿಮೆಯಾದಷ್ಟೂ ರೇಡಿಯೇಷನ್ ಮತ್ತು ಕೀಮೋಗೆ ಹಿಡಿತ ಸಿಗುತ್ತದೆ. ಎಷ್ಟು ಉಳಿದಿದೆ ಎಂದು ನೋಡುವ ಎಂಆರ್‌ಐ 48ರಿಂದ 72 ಗಂಟೆಯೊಳಗೆ ಆಗಬೇಕು. ತಡವಾದರೆ ಗಾಯ ಮಾಯುವ ಜಾಗವೂ ಹೊಳೆದು ಗೊಂದಲವಾಗುತ್ತದೆ.

ಮದ್ದಿನಂಗಡಿ (ಫಾರ್ಮಸಿ)
ಔಷಧಿಗಳ ಬಗ್ಗೆ ನನ್ನ ಪಾಲು.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಊತ ಇಳಿಸುತ್ತದೆ, ಗಡ್ಡೆಯನ್ನಲ್ಲ. ಒಂದೆರಡು ದಿನದಲ್ಲೇ ರೋಗಿ ಎದ್ದು ಓಡಾಡಿದರೆ ಕಾಯಿಲೆ ಹೋಯಿತು ಎಂದು ಆಪರೇಷನ್ ಮುಂದೂಡುತ್ತಾರೆ. ಅದೇ ದೊಡ್ಡ ತಪ್ಪು. ಊಟದ ಜೊತೆ ಕೊಡಿ, ದಿನದ ಕೊನೆಯ ಡೋಸ್ ಮಧ್ಯಾಹ್ನದೊಳಗೆ ಮುಗಿಸಲಾಗುತ್ತದೆಯೇ ಕೇಳಿ, ಇಲ್ಲವಾದರೆ ರಾತ್ರಿ ನಿದ್ದೆ ಬಾರದು. ಸಕ್ಕರೆ ಕಾಯಿಲೆ ಇಲ್ಲದವರಿಗೂ ಸಕ್ಕರೆ ನೋಡಬೇಕು. ವಾರಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ದೇಹದ ಸ್ವಂತ ಸ್ಟಿರಾಯ್ಡ್ ಇರುವುದಿಲ್ಲ. ಬಿಪಿ ಇಳಿದು ಕುಸಿಯುತ್ತಾರೆ. ಹಂತಹಂತವಾಗಿ ಇಳಿಸಬೇಕು. ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್) ಅನುಮಾನವಿದ್ದರೆ ಬಯಾಪ್ಸಿಗೆ ಮೊದಲು ಕೊಡುವುದನ್ನು ಆದಷ್ಟು ತಪ್ಪಿಸುತ್ತಾರೆ, ಏಕೆಂದರೆ ಗಡ್ಡೆ ಕರಗಿ ತುಂಡಿನಲ್ಲಿ ಏನೂ ಸಿಗದೆ ಹೋಗುತ್ತದೆ.

ಫಿಟ್ಸ್ ಬಂದವರಿಗೆ ಈಗ ಹೆಚ್ಚಾಗಿ ಲೆವೆಟಿರಾಸೆಟಂ. ಸಿಡುಕು ಹೆಚ್ಚಾದರೆ ಅದು ಔಷಧಿಯಿಂದಲೂ ಇರಬಹುದು, ಡಾಕ್ಟರಿಗೆ ಹೇಳಿ, ತಾವೇ ಬಿಡಬೇಡಿ. ಫಿಟ್ಸ್‌ಗೇ ಕೊಡುವ ಫೆನಿಟಾಯಿನ್ ಎಂಬ ಇನ್ನೊಂದು ಔಷಧಿ ಡೆಕ್ಸಾಮೆಥಾಸೋನ್ ಅನ್ನು ಬೇಗ ಕರಗಿಸಿಬಿಡುತ್ತದೆ, ಎರಡೂ ಇದ್ದರೆ ಪ್ರಮಾಣ ಮತ್ತೆ ನೋಡಬೇಕು. ಫಿಟ್ಸ್ ಬಂದೇ ಇಲ್ಲದವರಿಗೆ ವರ್ಷಗಟ್ಟಲೆ ಮಾತ್ರೆ ಬೇಕಿಲ್ಲ.

ಗ್ಲಯೋಬ್ಲಾಸ್ಟೋಮಾದ ಕ್ರಮ 2005ರಿಂದ ಹೆಚ್ಚು ಬದಲಾಗಿಲ್ಲ: 30 ಸಲ ರೇಡಿಯೇಷನ್, ಒಟ್ಟು 60 ಗ್ರೇ (ವಿಕಿರಣದ ಅಳತೆ), ಆ ಆರು ವಾರ ಪ್ರತಿದಿನ ಟೆಮೊಜೊಲೊಮೈಡ್ ಎಂಬ ಕೀಮೋ ಕ್ಯಾಪ್ಸೂಲ್ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 75 ಮಿ.ಗ್ರಾಂ. ನಾಲ್ಕು ವಾರ ಬಿಟ್ಟು, 28 ದಿನಕ್ಕೊಮ್ಮೆ ಐದೈದು ದಿನ 150ರಿಂದ 200 ಮಿ.ಗ್ರಾಂ., ಆರು ಸುತ್ತು. ಆ ಅಧ್ಯಯನದಲ್ಲಿ ಮಧ್ಯಮ ಆಯುಸ್ಸು 12.1 ತಿಂಗಳಿಂದ 14.6ಕ್ಕೆ ಏರಿತು. ಎಂಜಿಎಂಟಿ ಜೀನಿನ ಸ್ವಿಚ್ಚು ಮೀಥೈಲಾಗಿ ಮುಚ್ಚಿದ್ದವರಿಗೆ ಲಾಭ ಹೆಚ್ಚು, ಏಕೆಂದರೆ ಕೀಮೋ ಮಾಡಿದ ಹಾನಿಯನ್ನು ರಿಪೇರಿ ಮಾಡುವ ಕಿಣ್ವ ಅವರ ಗಡ್ಡೆಯಲ್ಲಿ ತಯಾರಾಗುವುದಿಲ್ಲ.

ಕ್ಯಾಪ್ಸೂಲ್ ಖಾಲಿ ಹೊಟ್ಟೆಗೆ, ವಾಂತಿ ತಡೆಯುವ ಮಾತ್ರೆ ಮೊದಲು. ಕ್ಯಾಪ್ಸೂಲ್ ಬಿಚ್ಚಬಾರದು, ಪುಡಿ ಚರ್ಮಕ್ಕೆ ಮತ್ತು ಉಸಿರಿಗೆ ಅಪಾಯ. ನುಂಗಿದ ಮೇಲೆ ವಾಂತಿಯಾದರೆ ಅದೇ ದಿನ ಇನ್ನೊಂದು ಕೊಡಬೇಡಿ. ರೇಡಿಯೇಷನ್ ಜೊತೆ ತೆಗೆದುಕೊಳ್ಳುವಾಗ ವಾರಕ್ಕೊಮ್ಮೆ ರಕ್ತಪರೀಕ್ಷೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದರೆ ಫೋನ್ ಮಾಡಿ ಕೇಳದೆ ಮುಂದಿನ ಡೋಸ್ ಬೇಡ. ನ್ಯುಮೋನಿಯಾ ತಡೆಗೆ ಕೊಟ್ರೈಮಾಕ್ಸಜೋಲ್ ಕೊಟ್ಟಿದ್ದರೆ ‘ಇದು ಸಾಮಾನ್ಯ ಮಾತ್ರೆ’ ಎಂದು ಬಿಡಬೇಡಿ.

ನರತಂತು
ಒಂದು ಸೇರಿಸಿ. ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐಯಲ್ಲಿ ಗಡ್ಡೆ ದೊಡ್ಡದಾದಂತೆ ಕಾಣಬಹುದು, ಅದು ಚಿಕಿತ್ಸೆಯ ಊತವೇ ಆಗಿರಬಹುದು. ಆ ಒಂದು ಫಿಲ್ಮ್ ನೋಡಿ ಚಿಕಿತ್ಸೆ ಬಿಟ್ಟು ನಾಟಿ ಔಷಧಿಗೆ ಓಡುವವರು ಇದ್ದಾರೆ. ಗ್ರೇಡ್ 2 ಐಡಿಎಚ್ ಗ್ಲಯೋಮಾಗೆ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಮೇಷ್ಟ್ರು ಕೇಳಿದ ಐಡಿಎಚ್ ಪರೀಕ್ಷೆಗೆ ಈಗ ಇನ್ನೂ ಬೆಲೆ ಬಂದಿದೆ.

ಬೇತ್ರಿಹೊಳೆ
ಇಲ್ಲಿಂದ ಹೋಗುವವರು ಕಾಗದಪತ್ರ ಹೇಗೆ ಇಟ್ಟುಕೊಳ್ಳಬೇಕು ಅಕ್ಕಾ?

ವಾರ್ಡಿನಕ್ಕ
ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯಿಂದ ಶುರು ಮಾಡಿ, ಅಲ್ಲಿನ ರೆಫರಲ್ ಚೀಟಿ ಹಿಡಿದು ಹೊರಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಚೀಟಿ ಇಲ್ಲದೆ ಹೋದರೆ ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಅಕ್ಕಪಕ್ಕದಲ್ಲೇ ಇವೆ, ಮಿದುಳಿನ ಆಪರೇಷನ್‌ಗೆ ಒಂದು, ಕ್ಯಾನ್ಸರ್ ಚಿಕಿತ್ಸೆಗೆ ಇನ್ನೊಂದು. ಮೈಸೂರು, ಮಂಗಳೂರು ಹತ್ತಿರ. ಆರು ವಾರ ದಿನಾ ರೇಡಿಯೇಷನ್ ಅಂದರೆ ಅಲ್ಲೇ ತಂಗಬೇಕು. ನಮ್ಮ ಜಿಲ್ಲೆಗೆ ರೈಲಿಲ್ಲ, ಘಾಟಿ ರಸ್ತೆಯಲ್ಲಿ ದಿನಾ ಓಡಾಡುವ ಲೆಕ್ಕ ಹಾಕಬೇಡಿ. ಮಳೆಗಾಲಕ್ಕೆ ಬಿದ್ದರೆ ಮಣ್ಣು ಕುಸಿತವನ್ನೂ ಗಮನದಲ್ಲಿಡಿ.

ಎಂಆರ್‌ಐ ಫಿಲ್ಮ್ ಸಾಲದು, ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಕೇಳಿ. ಎಂಆರ್‌ಐಗೆ ಬಣ್ಣದ ಔಷಧಿ ಕೊಡುವ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ) ವರದಿ ಕೈಯಲ್ಲಿರಲಿ. ಫಿಟ್ಸ್ ಬಂದ ತಾರೀಕು, ಎಷ್ಟು ನಿಮಿಷ, ಯಾವ ಬದಿ ಎಂದು ಒಂದು ನೋಟ್‌ಪುಸ್ತಕದಲ್ಲಿ. ಒಬ್ಬರು ಫೋನಿನಲ್ಲಿ ವೀಡಿಯೊ ಮಾಡಿದ್ದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿಯಿತು.

ಸ್ಲೈಡ್‌ಪೆಟ್ಟಿಗೆ
ಜೊತೆಗೆ ಪ್ಯಾರಾಫಿನ್ ಬ್ಲಾಕ್. ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂರಿಸಿದ್ದೇ ಬ್ಲಾಕ್. ಐಡಿಎಚ್, 1ಪಿ/19ಕ್ಯೂ, ಎಂಜಿಎಂಟಿ ಎಲ್ಲವನ್ನೂ ಅದರಿಂದ ಮತ್ತೆ ಮಾಡಬಹುದು, ತಲೆ ಮತ್ತೆ ತೆರೆಯಬೇಕಿಲ್ಲ. ರೋಗಿಯ ಅಥವಾ ಮನೆಯವರ ಅರ್ಜಿ, ಗುರುತಿನ ಚೀಟಿ ಕೊಟ್ಟರೆ ಲ್ಯಾಬ್ ಕೊಡುತ್ತದೆ. ಬಿಸಿಲು ಬೀಳುವ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಒಂದೇ ಬ್ಲಾಕ್ ಇದ್ದರೆ ಅದನ್ನು ಕೊರಿಯರ್‌ಗೆ ಹಾಕದೆ ಕೈಯಲ್ಲೇ ಒಯ್ಯಿರಿ, ಕೊಟ್ಟ ಕಡೆ ಬ್ಲಾಕ್ ನಂಬರ್ ಬರೆಸಿದ ರಸೀದಿ ತೆಗೆದುಕೊಳ್ಳಿ.